ಕುಪವಾಡದ ರಸ್ತೆಯಲ್ಲಿ ಕಡಿ: ಗುಡಿಸುವ ಕೆಲಸ ಯಾರ ಲೆಕ್ಕಕ್ಕೆ?

ಶಿವರಾತ್ರಿ ಮುಗಿದು ನಾಲ್ಕು ದಿನವಾಗಿತ್ತು. ನಮ್ಮ ಹೊಲದ ಅರಿಷಿಣ ಸಾಂಗಲಿ ಪೇಟೆ ಸೇರಿ ಸವಾಲೂ ಆಗಿತ್ತು. ಪಟ್ಟಿ ತಗೊಂಡು, ಹಾಗೇ ಕುಪವಾಡದ ಮಗಳ ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರೋಣ ಎಂದು ನಾನು, ನನ್ನ ಹೆಂಡತಿ ತೇರದಾಳದ ಕಡೆಯಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಹಾರೂಗೇರಿ, ಕುಡಚಿ, ಉಗಾರ, ಕಾಗವಾಡ. ಅಲ್ಲಿಂದ ಗಡಿ ದಾಟಿ ಮ್ಹೈಸಾಳ, ಆಮೇಲೆ ಮಿರಜ. ನಮ್ಮ ಕಡೆಯ ಜನರಿಗೆ ಇದು ಪರರಾಜ್ಯದ ದಾರಿಯಲ್ಲ, ಆಸ್ಪತ್ರೆಯ ದಾರಿ, ಪೇಟೆಯ ದಾರಿ, ಬೀಗರ ದಾರಿ.

ಮಿರಜ ದಾಟಿ ಕುಪವಾಡದ ಹತ್ತಿರ ಬಂದೆವು. ರಸ್ತೆ ಮೇಲೆ ಎಲ್ಲಿ ನೋಡಿದರೂ ಕರೀ ಕಡಿ. ತಗ್ಗು ಮುಚ್ಚಲೆಂದು ಹಾಕಿದ್ದು ತಗ್ಗಿನಲ್ಲಿ ಅರ್ಧ, ರಸ್ತೆ ತುಂಬ ಅರ್ಧ. ಒಂದು ಬೋರ್ಡಿಲ್ಲ, ಕೆಂಪು ಬಟ್ಟೆ ಕಟ್ಟಿದ ಕೋಲಿಲ್ಲ, ರೋಲರಿನ ಸುಳಿವಿಲ್ಲ. ಹಿಂದಿನಿಂದ ಒಂದು ಟೆಂಪೊ ಜೋರಾಗಿ ಬಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಟಪ್ ಎಂದು ಒಂದೇ ಒಂದು ಸದ್ದು. ನನ್ನ ಹೆಂಡತಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು.

ಡ್ರೈವರ್ ಹುಡುಗ ಗಾಡಿ ಪಕ್ಕಕ್ಕೆ ತೆಗೆದು ನಿಲ್ಲಿಸಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: 'ಕಾಕಾ, ಗಾಜು ಹೋತ್ರಿ.'

ನೋಡಿದರೆ ಹಳೇ ನಾಲ್ಕಾಣೆಯಷ್ಟು ಅಗಲದ ಗಾಯ. ಅದರ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಗೆರೆ. 'ಇಷ್ಟ ಸಣ್ಣದೈತಲ್ಲೊ ತಮ್ಮಾ' ಅಂದೆ ನಾನು, ಸಮಾಧಾನಕ್ಕೆ. ಅವನು ನಗಲಿಲ್ಲ. 'ಸಂಜಿತನಕ ನೋಡ್ರಿ' ಅಂದ. ಅವನು ಹೇಳಿದ್ದೇ ಖರೆ. ಬಿಸಿಲಿಗೆ ಗಾಜು ಕಾದು, ಆ ಗೆರೆಗಳಲ್ಲಿ ಒಂದು ಸಂಜೆಯೊಳಗೆ ಡ್ರೈವರಿನ ಮುಖದ ಎದುರಿನಿಂದ ಆ ಕಡೆಯ ಅಂಚಿನವರೆಗೂ ಓಡಿತ್ತು. ಮಿರಜದವರು ಕಟ್ಟುವ ತಂಬೂರಿಯ ತಂತಿಯಷ್ಟು ನೆಟ್ಟಗೆ.

ಹುಡುಗನ ಕಾರು ಸಾಲದ ಕಾರು. ತಿಂಗಳಿಗೊಂದು ಕಂತು. ವಿಮೆ ಕೇಳಿದೆ. 'ಥರ್ಡ್ ಪಾರ್ಟಿ ಅಷ್ಟ ಐತ್ರಿ' ಅಂದ. ಅಂದರೆ ಇವನ ಗಾಡಿಯಿಂದ ಬೇರೆಯವರಿಗೆ ಏನಾದರೂ ಆದರೆ ವಿಮೆ ಕೊಡುತ್ತದೆ, ಇವನ ಗಾಡಿಗೇ ಆದರೆ ಒಂದು ಪೈಸೆಯೂ ಇಲ್ಲ. ಹೊಸ ಗಾಜಿಗೆ, ಕೂರಿಸುವ ಕೂಲಿ ಸೇರಿ, ಏಳು ಸಾವಿರ ಹೇಳಿದರು. ನಾನು ಅವನಿಗೆ ಕೊಡುವ ಬಾಡಿಗೆಯಲ್ಲಿ ಡೀಸೆಲ್ ಕಳೆದರೆ ಉಳಿಯುವುದು ಎಷ್ಟು? ಒಂದು ಬೆರಳುಗುರಷ್ಟು ಕಲ್ಲು ಅವನ ಒಂದು ತಿಂಗಳ ಕಂತನ್ನು ತಿಂದುಹಾಕಿತ್ತು.

ಮಗಳ ಮನೆಯಲ್ಲಿ ಕಂಡದ್ದು

ಈ ಗಾಜಿನ ಕಥೆ ಹೇಳಬೇಕೆಂದೇ ಮಗಳ ಮನೆ ಹೊಸ್ತಿಲು ದಾಟಿದೆ. ಎದುರಿಗೆ ಅಳಿಯಂದಿರು ಬಂದರು. ಬಲಗೈ ಮುಂಗೈಗೆ ಪಟ್ಟಿ. 'ಏನಾತ್ರಿ?' ಅಂದರೆ ಮಗಳು ಅಡ್ಡಬಾಯಿ ಹಾಕಿ, 'ಬಚ್ಚಲದಾಗ ಜಾರಿದ್ರಪಾ' ಅಂದಳು. ಮೊಮ್ಮಗಳಿಗೆ ಇನ್ನೂ ಸುಳ್ಳು ಗೊತ್ತಿಲ್ಲ. 'ಇಲ್ಲ ಅಜ್ಜಾ, ಪಪ್ಪಾ ಕಡಿ ಮ್ಯಾಲ ಗಾಡಿ ಜಾರಿ ಬಿದ್ರು' ಅಂದುಬಿಟ್ಟಿತು.

ಅಳಿಯಂದಿರು ಕುಪವಾಡದ ಕಾರ್ಖಾನೆ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವವರು. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ತಿರುವಿನಲ್ಲಿ ಕಡಿ ಕಂಡಿಲ್ಲ. ಬ್ರೇಕ್ ಹಿಡಿದಿದ್ದಾರೆ, ಮುಂದಿನ ಗಾಲಿ ಜಾರಿದೆ. ಎಲುಬು ಮುರಿದಿಲ್ಲ, ಬಿರುಕು ಬಿಟ್ಟಿದೆ. ಮೂರು ವಾರ ಕೆಲಸವಿಲ್ಲ. ಅವರದು ಕಾಯಂ ನೌಕರಿಯಲ್ಲ, ಹೋದ ದಿನಕ್ಕೆ ಪಗಾರ. ನಮಗೆ ಹೇಳಿದರೆ ಗಾಬರಿಯಾಗುತ್ತೇವೆಂದು ಮುಚ್ಚಿಟ್ಟಿದ್ದರು. ಕಾರಿನ ಗಾಜಿನ ಮಾತು ನನ್ನ ಬಾಯಲ್ಲೇ ಉಳಿಯಿತು.

ಓದುಗರೇ, ಇದು ಕುಪವಾಡ ಒಂದರ ದೂರಲ್ಲ. ನಮ್ಮೂರ ಹೊಲದ ದಾರಿಯಲ್ಲೂ ಇದೇ ಕಡಿ, ಇದೇ ಧೂಳು. ಆ ರಸ್ತೆ ಯಾವ ಕಚೇರಿಗೆ ಸೇರಿದ್ದು, ಗುತ್ತೇದಾರ ಯಾರು ಎಂದು ಹೆಸರು ಹಿಡಿದು ಬರೆಯುವ ಮನಸ್ಸು ನನಗಿಲ್ಲ. ಆದರೆ ಕಡಿ ರಸ್ತೆಯಿಂದ ಯಾಕೆ ಏಳುತ್ತದೆ, ಯಾವ ಒಂದು ಕೆಲಸ ಬಿಟ್ಟುಹೋದದ್ದರಿಂದ ಏಳುತ್ತದೆ ಎಂಬುದನ್ನು ತಿಳಿಯಬೇಕು ಅನ್ನಿಸಿತು. ತಿಳಿದದ್ದನ್ನು ಬರೆಯುತ್ತಿದ್ದೇನೆ.

ಎರೆ ಮಣ್ಣಿನ ಮೇಲೆ ಕರೀ ಕಲ್ಲು

ಮೊದಲು ಮಣ್ಣಿನ ಮಾತು. ಕೃಷ್ಣೆಯ ಈ ದಂಡೆಯೆಲ್ಲ ಎರೆ ಭೂಮಿ. ರೈತನಿಗೆ ಇದರ ಗುಣ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಗಿಯಲ್ಲಿ ಕುಗ್ಗಿ ಕಾಲು ಸಿಗುವಷ್ಟು ಬಿರಿಯುತ್ತದೆ. ಹೊಲದಲ್ಲಿ ಇದು ಒಳ್ಳೇದೇ, ಭೂಮಿ ತನ್ನನ್ನು ತಾನೇ ಉತ್ತುಕೊಂಡ ಹಾಗೆ. ರಸ್ತೆಯ ಕೆಳಗೆ ಮಾತ್ರ ಇದೇ ಮಣ್ಣು ವೈರಿ. ಮೇಲಿನ ಡಾಂಬರು ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ತಗ್ಗು ಬೀಳುತ್ತದೆ. ಮೇಲೆ ಕಬ್ಬಿನ ಹಂಗಾಮು. ದೀಪಾವಳಿಯಿಂದ ಹೋಳಿವರೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡುತ್ತವೆ. ಅದರಲ್ಲಿ ನನ್ನ ಕಬ್ಬೂ ಇದೆ, ಸುಳ್ಳು ಹೇಳಬಾರದು. ಸಾಂಗಲಿಯ ಕಡೆಗೆ 2005, 2019, 2021ರ ಮಹಾಪೂರ ಬೇರೆ. ನೀರು ನಿಂತು ಇಳಿದ ರಸ್ತೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಇನ್ನು ಕಲ್ಲು. ಇಲ್ಲಿನದು ದಖ್ಖನ್ನಿನ ಕರೀ ಕಲ್ಲು, ಅಗ್ನಿಶಿಲೆ. ಗಟ್ಟಿತನದಲ್ಲಿ ರಸ್ತೆಗೆ ಹೇಳಿಮಾಡಿಸಿದ್ದು. ಕ್ರಷರಿನಲ್ಲಿ ಒಡೆದು ಬಂದಾಗ ಪ್ರತಿ ಕಡಿಗೂ ನಾಲ್ಕಾರು ಚೂಪು ಅಂಚು. ಆ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತರೆ ರಸ್ತೆ ಗಟ್ಟಿ. ಕೂರದೆ ಬಿಡಿಬಿಡಿಯಾಗಿ ಬಿದ್ದರೆ ಅದೇ ಅಂಚು ಟೈರಿನ ಪಕ್ಕೆ ಕೊಯ್ಯುತ್ತದೆ. ಹೊಳೆಯ ಗುಂಡುಗಲ್ಲು ಹೀಗೆ ಕೊಯ್ಯುವುದಿಲ್ಲ, ಹೀಗೆ ಕಚ್ಚಿ ಕೂರುವುದೂ ಇಲ್ಲ.

ಈ ಕಚ್ಚಿ ಕೂರುವ ಗುಣ ನಂಬಿಯೇ ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಜಾನ್ ಮೆಕಡಂ ಎಂಬವನು (1756-1836) ಒಡೆದ ಸಣ್ಣ ಕಲ್ಲಿನ ರಸ್ತೆ ರೂಢಿಗೆ ತಂದ. ಅದು ಬಂಡಿಗಳ ಕಾಲ. ಕಬ್ಬಿಣದ ಪಟ್ಟಿ ಹಾಕಿದ ಗಾಲಿ ಮೆಲ್ಲಗೆ ಉರುಳಿ ಕಲ್ಲನ್ನು ಒತ್ತಿ ಒತ್ತಿ ಕೂರಿಸುತ್ತಿತ್ತು. ನಮ್ಮ ಹಿರಿಯರ ಚಕ್ಕಡಿಗಳು ಮಾಡಿದ್ದೂ ಅದೇ ಕೆಲಸ. ಮೋಟಾರು ಬಂದ ಮೇಲೆ ಲೆಕ್ಕ ತಿರುವುಮುರುವಾಯಿತು. ವೇಗವಾಗಿ ತಿರುಗುವ ರಬ್ಬರ್ ಗಾಲಿ ಕಲ್ಲನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಕಿತ್ತು ಹಿಂದಕ್ಕೆ ಎಸೆಯುತ್ತದೆ, ನಡುವಿನ ಪುಡಿಯನ್ನು ಧೂಳು ಮಾಡಿ ಹಾರಿಸುತ್ತದೆ. ಅದಕ್ಕೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಲ್ಲಿಗೆ ಡಾಂಬರಿನ ಬಂಧ ಹಾಕುವುದು ಎಲ್ಲ ಕಡೆ ಹಬ್ಬಿತು. ಅಂದರೆ ಡಾಂಬರಿಲ್ಲದ ಬರೀ ಕಡಿ ಎತ್ತಿನ ಬಂಡಿಗೆ ಸರಿ, ಮೋಟಾರಿಗೆ ಸರಿಯಲ್ಲ ಎಂಬುದು ನೂರು ವರ್ಷದ ಹಿಂದೆಯೇ ಜಗತ್ತಿಗೆ ಗೊತ್ತಾಗಿದ್ದ ಸಂಗತಿ. ಅದನ್ನು ನಾವು ತಗ್ಗು ಮುಚ್ಚುವಾಗ ಮಾತ್ರ ಮರೆಯುತ್ತೇವೆ.

'ಗುಡಿಸೋದು ಲೆಕ್ಕದಾಗ ಇಲ್ಲ'

ಮರುದಿನ ಬೆಳಿಗ್ಗೆ ಆ ತಿರುವಿಗೇ ನಡೆದುಕೊಂಡು ಹೋದೆ. ಏಳೆಂಟು ಜನ ಕೂಲಿಗಳು, ಹೆಂಗಸರೇ ಹೆಚ್ಚು, ಬುಟ್ಟಿಯಲ್ಲಿ ಕಡಿ ಹೊತ್ತು ತಗ್ಗಿಗೆ ಸುರುವುತ್ತಿದ್ದರು. ಮೇಲೆ ಗರಸು. ಕಡಿಯ ಗುಂಪಿಯ ನೆರಳಿಗೆ ಒಂದು ಕೂಸು ಮಲಗಿತ್ತು. ಅವರವರಲ್ಲೇ ಆಡುತ್ತಿದ್ದ ಮಾತು ಕಿವಿಗೆ ಬಿತ್ತು. ಮರಾಠಿಯಲ್ಲ, ಕನ್ನಡವಲ್ಲ. ನಮ್ಮ ಮನೆಮಾತು!

ನಮ್ಮ ಹಿರಿಯರು ತೆಲುಗು ಸೀಮೆಯಿಂದ ಮಗ್ಗ ಹೊತ್ತು ಬಂದವರು. ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟು ನೇಗಿಲು ಹಿಡಿದರೂ ಅಡಿಗೆಮನೆಯಲ್ಲಿ ತೆಲುಗು ಉಳಿಯಿತು. ಈ ಕೂಲಿಗಳದು ಭೋವಿ ಜನರ ತೆಲುಗು. ಕಲ್ಲು ಒಡೆಯುತ್ತ, ಕೆರೆ ತೋಡುತ್ತ ದಖ್ಖನ್ನಿನ ಉದ್ದಗಲಕ್ಕೂ ತಿರುಗಿದವರ ಮಾತು. ಹನ್ನೆರಡನೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮರನ್ನು ಈ ಜನ ಗುರುವೆಂದು ನಂಬುತ್ತಾರೆ. ನಮ್ಮ ಕಡೆಯ ಎಷ್ಟು ಕೆರೆ, ಎಷ್ಟು ರಸ್ತೆಯಲ್ಲಿ ಇವರ ಬೆವರಿದೆಯೋ, ಲೆಕ್ಕ ಇಟ್ಟವರಿಲ್ಲ.

'ಏ ಊರಮ್ಮಾ ಮೀದಿ?' ಅಂದೆ. ಹಿರಿಯ ಹೆಣ್ಣುಮಗಳು ಬುಟ್ಟಿ ಇಳಿಸಿ ನಕ್ಕಳು. 'ಮಾದಿ ಸಿಂದಗಿ ದಿಕ್ಕು ಅಣ್ಣಾ' ಅಂದವಳು, ಆಮೇಲೆ ಬಿಜಾಪುರದ ಕನ್ನಡಕ್ಕೇ ಬಂದಳು. ಒಂದು ಕಲ್ಲಿಗೆ ನಮ್ಮಿಬ್ಬರ ಬಾಯಲ್ಲಿ ಎಷ್ಟು ಹೆಸರು ನೋಡಿ: ತೆಲುಗಿನಲ್ಲಿ ಕಂಕರ, ಇಲ್ಲಿನ ಮರಾಠಿಯಲ್ಲಿ ಖಡಿ, ನಮ್ಮಲ್ಲಿ ಕಡಿ, ಬೆಂಗಳೂರಿಗೆ ಹೋದರೆ ಜಲ್ಲಿ. ಹೆಸರು ನಾಲ್ಕಾದರೂ ಹಣೆಗೆ ಬಡಿದರೆ ನೋವು ಒಂದೇ.

'ಅವ್ವಾ, ಇದನ್ನ ಹಾಕಿದ ಮ್ಯಾಲ ರೋಲರ್ ಬರೂದಿಲ್ಲೇನು? ಉಳಿದಿದ್ದ ಗುಡಿಸೂದಿಲ್ಲೇನು?' ಎಂದು ಕೇಳಿದೆ.

'ರೋಲರ್ ನಮ್ಮ ಕೈಯಾಗಿಂದಲ್ಲಣ್ಣಾ. ಸುರುವೂದಕ್ಕ ಕೂಲಿ ಕೊಡ್ತಾರ. ಗುಡಿಸೋದು ಲೆಕ್ಕದಾಗ ಇಲ್ಲ. ಕಸಬರಿಗಿನೂ ಕೊಟ್ಟಿಲ್ಲ' ಅಂದಳು. ಸೀರೆ ಸೆರಗು ಸರಿಸಿ ಮೊಣಕಾಲ ಕೆಳಗಿನ ಒಂದು ಗಾಯ ತೋರಿಸಿದಳು. ಲಾರಿ ಹೋದಾಗ ಸಿಡಿದ ಕಡಿ. ಕಾರಿನವರಿಗಾದರೆ ಎದುರಿಗೆ ಗಾಜಿದೆ. ರಸ್ತೆ ಬದಿ ಬುಟ್ಟಿ ಹಿಡಿದು ನಿಂತವಳಿಗೆ ಏನಿದೆ? ಮಲಗಿದ ಆ ಕೂಸಿಗೆ ಏನಿದೆ?

ಲೆಕ್ಕದಲ್ಲಿ ಇಲ್ಲವೆಂದು ಅವಳಿಗೆ ಹೇಳಿದ್ದಾರೆ. ರಸ್ತೆ ಕೆಲಸದ ಪದ್ಧತಿ ಬಲ್ಲವರನ್ನು ನಾನು ಕೇಳಿ ತಿಳಿದದ್ದು ಬೇರೆ. ತಗ್ಗು ಮುಚ್ಚುವ ಸರಿಯಾದ ಕ್ರಮ ಹೀಗಿದೆ. ತಗ್ಗಿನ ಸುತ್ತಲ ಸಡಿಲ ಭಾಗವನ್ನು ಚೌಕಾಗಿ, ಅಂಚು ನೆಟ್ಟಗೆ ನಿಲ್ಲುವ ಹಾಗೆ ಕತ್ತರಿಸಬೇಕು. ಒಳಗಿನ ಧೂಳು, ನೀರು ತೆಗೆಯಬೇಕು. ತಳಕ್ಕೂ ಅಂಚಿಗೂ ತೆಳ್ಳಗೆ ಡಾಂಬರು ಸವರಬೇಕು. ಡಾಂಬರು ಬೆರೆಸಿದ ಕಡಿಯನ್ನು ಪದರ ಪದರವಾಗಿ ತುಂಬಿ ಒತ್ತಬೇಕು. ಕೊನೆಗೆ ಉಳಿದ ಬಿಡಿ ಕಡಿ ಗುಡಿಸಿ ತೆಗೆಯಬೇಕು. ಇಡೀ ರಸ್ತೆಗೆ ಡಾಂಬರು ಸಿಂಪಡಿಸಿ ಮೇಲೆ ಸಣ್ಣ ಕಡಿ ಹಾಸುವ ಕೆಲಸದಲ್ಲಂತೂ ಹೊಸ ಹಾಸಿನ ಮೇಲೆ ಕೂಡಲೇ ವಾಹನ ಬಿಡಬಾರದು, ಬಿಡಲೇಬೇಕಾದರೆ ವೇಗ ಬಹಳ ತಗ್ಗಿಸಬೇಕು ಎಂಬ ನಿಯಮವಿದೆ. ಅಂದ ಮೇಲೆ ಕಸಬರಿಗೆ ಕಾಗದದಲ್ಲಿ ಇದೆ, ರಸ್ತೆಗೆ ಬಂದಿಲ್ಲ ಅಷ್ಟೆ.

ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ ಮೇಲೆ ಕುಂಟಿ ಹಾಯಿಸಿ ಬೀಜ ಮುಚ್ಚದಿದ್ದರೆ ಏನಾಗುತ್ತದೆ? ಬೀಜ ಹಕ್ಕಿಯ ಪಾಲು. ಕಡಿ ಸುರುವಿ ಒತ್ತದೆ, ಗುಡಿಸದೆ ಹೋದರೂ ಅಷ್ಟೇ. ಹದಿನೈದು ದಿನದಲ್ಲಿ ಗಾಲಿಗಳು ಅದನ್ನೆಲ್ಲ ಬದಿಗೆ ಎಸೆದು ತಗ್ಗು ಮತ್ತೆ ಬಾಯಿ ತೆರೆಯುತ್ತದೆ. ಬಿತ್ತಿದ ಖರ್ಚೂ ಹೋಯಿತು, ಬೆಳೆಯೂ ಇಲ್ಲ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚು ಹಾಕಬೇಕೆಂಬ ಅವಸರದಲ್ಲಿ ಇಂಥ ಬಿತ್ತನೆ ಗಡಿಯ ಎರಡೂ ಕಡೆ ನಡೆಯುತ್ತದೆ.

ಒಂದು ಕಡಿ ಮಾಡುವ ನಷ್ಟ

ಕಲ್ಲು ಸಣ್ಣದಾದರೂ ಪೆಟ್ಟು ವೇಗದ್ದು. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಎದುರಿನಿಂದ ಬರುವ ಗಾಡಿ ಎಸೆದ ಕಲ್ಲಾದರೆ ನಮ್ಮ ವೇಗವೂ ಅದಕ್ಕೆ ಕೂಡಿಕೊಳ್ಳುತ್ತದೆ. ಕಾರಿನ ಮುಂದಿನ ಗಾಜು ಎರಡು ಹಾಳೆಯದು, ನಡುವೆ ತೆಳ್ಳನೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಆದ್ದರಿಂದ ಅದು ಒಡೆದರೂ ಚೂರಾಗಿ ಮುಖಕ್ಕೆ ಬೀಳುವುದಿಲ್ಲ. ಪಕ್ಕದ ಗಾಜಿನ ಜಾತಿ ಬೇರೆ. ಅದು ಒಡೆದರೆ ಜೋಳದ ಕಾಳಿನ ಹಾಗೆ ಉದುರುತ್ತದೆ.

ಗಾಜಿನದು ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ಗಾಡಿಯ ಕೆಳಗೆ. ಎಂಜಿನ್ನಿನ ಎಣ್ಣೆ ನಿಲ್ಲುವ ಚೇಂಬರಿಗೆ ದೊಡ್ಡ ಕಡಿ ಬಡಿದು ಸೀಳಿದರೆ ಎಣ್ಣೆ ಸೋರಿ ಹೋಗುತ್ತದೆ. ಗಮನಿಸದೆ ಓಡಿಸಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬ್ರೇಕಿನ ತಟ್ಟೆಯ ಸಂದಿಗೆ ಸಣ್ಣ ಕಡಿ ಸಿಕ್ಕರೆ ಕಿರ್ರೆಂದು ಕೂಗುತ್ತ ತಟ್ಟೆಯನ್ನು ಗೀರುತ್ತದೆ. ಬಾಗಿಲ ಕೆಳಗಿನ ಬಣ್ಣ ಚಕ್ಕೆ ಚಕ್ಕೆಯಾಗಿ ಹಾರಿ, ಮುಂದಿನ ಮಳೆಗೆ ಅಲ್ಲಿ ತುಕ್ಕು. ಇದಾವುದೂ ಯಾವ ಕಚೇರಿಯ ಪುಸ್ತಕದಲ್ಲೂ ರಸ್ತೆಯ ಖರ್ಚೆಂದು ಬರೆಯುವುದಿಲ್ಲ. ಗುಡಿಸದೆ ಉಳಿಸಿದ ಒಂದು ದಿನದ ಕೂಲಿಯನ್ನು ಆ ದಾರಿಯಲ್ಲಿ ಹೋಗುವ ನೂರಾರು ಜನ ತಮ್ಮ ಕಿಸೆಯಿಂದ ಕಟ್ಟುತ್ತಾರೆ.

ಹೊಣೆ ಯಾರದು ಎಂದರೆ ಕಾನೂನು ಅಷ್ಟಿಷ್ಟು ಹೇಳುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ಮಟ್ಟ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆಗಾರನಾದ ಅಧಿಕಾರಿ, ಗುತ್ತೇದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಮಹಾರಾಷ್ಟ್ರದ ಮಟ್ಟಿಗೆ ಮುಂಬಯಿ ಹೈಕೋರ್ಟು 2015ರಲ್ಲೇ ಒಳ್ಳೆಯ ರಸ್ತೆ ಎಂಬುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಬರುತ್ತದೆ ಎಂದಿತು. 2025ರ ಅಕ್ಟೋಬರಿನಲ್ಲಿ, ರಸ್ತೆಯ ತಗ್ಗಿನಿಂದ ಸತ್ತವರ ಮನೆಯವರಿಗೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷದವರೆಗೆ ಪರಿಹಾರ ಕೊಡಬೇಕೆಂದು ಆದೇಶಿಸಿತು. ಕೇಳಿ ಅಳಿಯಂದಿರ ಮುಖ ಸ್ವಲ್ಪ ಅರಳಿತು. ಡ್ರೈವರ್ ಹುಡುಗ ಮಾತ್ರ, 'ಗಾಜಿಗಿ ಏನೂ ಇಲ್ಲೇನ್ರಿ?' ಎಂದು ಕೇಳಿದ. ಇಲ್ಲ. ಗಾಜಿಗೆ ಇರುವುದು ವಿಮೆ ಒಂದೇ, ಅದೂ ಪೂರ್ತಿ ವಿಮೆ ಮಾಡಿಸಿದವರಿಗೆ. ಅವರೂ ಹಣ ಕೇಳಿದರೆ ಮುಂದಿನ ವರ್ಷದ ಕಂತಿನ ರಿಯಾಯಿತಿ ಬಿಟ್ಟುಕೊಡಬೇಕಾಗುತ್ತದೆ.

ನಾವು ಮಾಡಬಹುದಾದದ್ದು

ಹೊಸ ಕಡಿ ಕಂಡ ಕೂಡಲೇ ವೇಗ ಇಳಿಸಬೇಕು. ಮುಂದಿನ ಗಾಡಿಯಿಂದ ದೂರ ಇರಬೇಕು, ಅದನ್ನು ದಾಟಿ ಹೋಗುವ ಹಟ ಬೇಡ. ನೀವು ಸಾವಕಾಶ ಹೋದರೆ ಉಳಿಯುವುದು ನಿಮ್ಮ ಗಾಜೊಂದೇ ಅಲ್ಲ, ಹಿಂದಿನವನ ಗಾಜು, ಬದಿಗೆ ನಿಂತ ಕೂಲಿಯ ಕಾಲು. ಬೈಕಿನವರು ಕಡಿಯ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬಾರದು, ಗಾಡಿ ವಾಲಿಸಬಾರದು. ಕಬ್ಬಿನ ಟ್ರೇಲರು, ಟೆಂಪೊ ಇಟ್ಟುಕೊಂಡವರು ಹಿಂದಿನ ಗಾಲಿಯ ಹಿಂದೆ ಒಂದು ರಬ್ಬರ್ ಪಟ್ಟಿ ಇಳಿಬಿಟ್ಟರೆ ಎಷ್ಟೋ ಕಲ್ಲು ಅಲ್ಲೇ ಬೀಳುತ್ತವೆ.

ಗಾಜಿಗೆ ಸಣ್ಣ ಗಾಯವಾದರೆ ಕೂಡಲೇ ಮೇಲೆ ಪಾರದರ್ಶಕ ಟೇಪು ಅಂಟಿಸಿ, ನೀರು, ಧೂಳು ಒಳಗೆ ಹೋಗಬಾರದು. ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಹಾಕಬೇಡಿ, ಒಳಗಿನಿಂದ ಎ.ಸಿ. ಗಾಳಿ ಒಮ್ಮೆಲೇ ಬಿಡಬೇಡಿ. ಬೇಗ ಹೋದರೆ ಸಣ್ಣ ಗಾಯಕ್ಕೆ ರಾಳದಂಥ ಅಂಟು ತುಂಬಿ ನಿಲ್ಲಿಸುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಗೆರೆ ಉದ್ದಕ್ಕೆ ಓಡಿದ ಮೇಲೆ ಗಾಜು ಬದಲಿಸದೆ ದಾರಿಯಿಲ್ಲ. ನಮ್ಮ ಹುಡುಗನಿಗೂ ನನಗೂ ಇದು ಒಂದು ದಿನ ತಡವಾಗಿ ತಿಳಿಯಿತು.

ಎಲ್ಲಕ್ಕಿಂತ ಮುಖ್ಯ, ಬರೆದು ಕೊಡಿ. ಜಾಗ, ದಿನ, ಹೊತ್ತು, ಫೋಟೊ ಸಹಿತ. ಬಾಯಿಮಾತಿನ ದೂರು ಕಡಿಗಿಂತ ಬೇಗ ಹಾರಿಹೋಗುತ್ತದೆ.

ಆ ರಾತ್ರಿ ಮಗಳ ಮನೆಯಲ್ಲಿ ನಿದ್ದೆ ಬರಲಿಲ್ಲ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ಚಟ ನನಗೆ. ಕಾಗದ ತಗೊಂಡು ಕೂತೆ. ತೆಲುಗಿನಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ. ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು ನಾನು ಕನ್ನಡದಲ್ಲಿ ಹೇಳಿದೆ, ಅವಳು ಮರಾಠಿಯಲ್ಲಿ ಬರೆದಳು. ಕೇಳಿದ್ದು ಮೂರೇ ಮಾತು: ಕೆಲಸ ನಡೆದಲ್ಲಿ ಒಂದು ಬೋರ್ಡು, ಹಾಕಿದ ಕಡಿಗೆ ರೋಲರು, ಉಳಿದ ಕಡಿಗೆ ಕಸಬರಿಗೆ ಮತ್ತು ಗುಡಿಸಿದವರಿಗೆ ಕೂಲಿ. ಅಳಿಯಂದಿರು ಎಡಗೈಯಿಂದ ಸಹಿ ಮಾಡಿದರು. ಒಂದು ಕಚೇರಿಯಲ್ಲಿ 'ಈ ರಸ್ತೆ ನಮ್ಮದಲ್ಲ' ಅಂದರು. ಇನ್ನೊಂದರಲ್ಲಿ ತಗೊಂಡು ಶಿಕ್ಕೆ ಹಾಕಿ ಕೊಟ್ಟರು. ಸಾಂಗಲಿ, ಮಿರಜ, ಕುಪವಾಡ ಸೇರಿ ಒಂದೇ ಮಹಾನಗರಪಾಲಿಕೆಯಾದದ್ದು 1998ರಲ್ಲಿ. ಊರು ಮೂರು ಕೂಡಿದರೂ ರಸ್ತೆಗೆ ಒಡೆಯರು ಹಲವರು, ಯಾವುದು ಯಾರದೆಂದು ಹೊರಗಿನಿಂದ ಬಂದವನಿಗೆ ತಿಳಿಯುವುದಿಲ್ಲ.

ಶಿಕ್ಕೆಯ ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ. ಆದರೆ ಮೊನ್ನೆ ಮಗಳು ಫೋನಿನಲ್ಲಿ ಒಂದು ಮಾತು ಹೇಳಿದಳು. ತಿರುವಿನ ಚಹದಂಗಡಿಯವರು ದಿನಾ ಬೆಳಿಗ್ಗೆ ಅಂಗಡಿ ಮುಂದೆ ಗುಡಿಸುವಾಗ ಹತ್ತು ಹೆಜ್ಜೆ ಮುಂದೆ ಹೋಗಿ ರಸ್ತೆಯ ಕಡಿಯನ್ನೂ ಬದಿಗೆ ಸರಿಸುತ್ತಿದ್ದಾರಂತೆ. ಆ ತಿರುವಿನಲ್ಲಿ ಆಮೇಲೆ ಯಾರೂ ಬಿದ್ದಿಲ್ಲವಂತೆ.

ಒಂದು ಕಸಬರಿಗೆಯಿಂದ ಆಗುವ ಕೆಲಸ ಇದು. ಚಹದಂಗಡಿಯವರು ಪುಕ್ಕಟೆ ಮಾಡುತ್ತಿರುವುದನ್ನು ಸಂಬಂಧಪಟ್ಟವರು ಲೆಕ್ಕಕ್ಕೆ ಹಿಡಿದು, ಆ ಸಿಂದಗಿ ಹೆಣ್ಣುಮಗಳ ಕೈಗೆ ಕಸಬರಿಗೆಯನ್ನೂ ಒಂದು ದಿನದ ಹೆಚ್ಚಿನ ಪಗಾರವನ್ನೂ ಕೊಡಲಿ. ಗಡಿಯ ಆಚೆಗೂ ಕೊಡಲಿ, ಈಚೆಗೂ ಕೊಡಲಿ.